ರೊಟ್ಟಿ ತೂಗಿ ತಿಂತೀರಂತಲ್ಲ, ಖರೇನಾ?

ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ಮೂರು ವರ್ಷದ ಹಿಂದೆ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ಡಿಜಿಟಲ್ ತಕ್ಕಡಿ ಬಂದು ಕೂತಿತು. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯವರು ಅದನ್ನು ನೋಡಿದರು. ಸಂಜೆಯಷ್ಟರಲ್ಲಿ ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿಗೆಲ್ಲ ಸುದ್ದಿ ಮುಟ್ಟಿತ್ತು. "ಟೀಚರ್ ಮನ್ಯಾಗ ಗಂಡಗ ರೊಟ್ಟಿ ತೂಗಿ ಹಾಕ್ತಾರಂತ!"

ಉತ್ತರ: ಇಲ್ಲ. ಎರಡು ವಾರ ತೂಗಿದ್ದು ಖರೇ. ಆಮೇಲೆ ತೂಗಿಲ್ಲ. ಆದರೆ ಆ ಎರಡು ವಾರದಲ್ಲಿ ಗೊತ್ತಾದದ್ದು ಬಹಳ ಇದೆ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳೋಕೆ ಆಗಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರಿಗೆ ಶುಗರ್ ಬಂತು. ಡಾಕ್ಟರು "ಒಂದು ಊಟಕ್ಕೆ ಎರಡು ರೊಟ್ಟಿ" ಅಂದರು. ಅವರು ಹೇಳಿದ್ದು ಸರಿಯೇ. ಮನೆಗೆ ಬಂದ ಮೇಲೆ ನನಗೆ ತಲೆ ಕೆಟ್ಟಿತು. ಯಾರ ಮನೆಯ ಎರಡು ರೊಟ್ಟಿ? ಖಾನಾವಳಿಯ ಕಡಕ್ ರೊಟ್ಟಿ ಹಪ್ಪಳದಂಗೆ ಇರುತ್ತದೆ. ನನ್ನ ಕೈಯ ರೊಟ್ಟಿ ಅದಕ್ಕಿಂತ ದಪ್ಪ. ನಮ್ಮ ಅತ್ತೆ ಬಡಿದ ರೊಟ್ಟಿ ಗಂಗಾಳದಿಂದ ಹೊರಗೆ ಇಣುಕುತ್ತದೆ. ಅತ್ತೆಯ ಎರಡು ರೊಟ್ಟಿ ಅಂದರೆ ಖಾನಾವಳಿಯ ನಾಲ್ಕು. ಸಂಖ್ಯೆ ಒಂದೇ, ಹೊಟ್ಟೆಗೆ ಹೋಗುವ ಹಿಟ್ಟು ಬೇರೆ.

ಅದಕ್ಕೇ ತಕ್ಕಡಿ ತಂದೆ. ಐದು ಕಿಲೋವರೆಗೆ ತೂಗುವಂಥದ್ದು, ಒಂದೊಂದು ಗ್ರಾಂ ತೋರಿಸುವಂಥದ್ದು. ಪಾತ್ರೆ ಇಟ್ಟು ಸೊನ್ನೆ ಒತ್ತಿದರೆ ಪಾತ್ರೆಯ ತೂಕ ಬಿಟ್ಟು ಒಳಗಿನದ್ದು ಮಾತ್ರ ತೋರಿಸುತ್ತದೆ. ಬಂದ ದಿನ ಒಡೆಯದ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ಪರೀಕ್ಷೆ ಮಾಡಿದೆ, ಪಾಸಾಯಿತು.

ಒಂದು ಭಾನುವಾರ ಮಧ್ಯಾಹ್ನ ಕೂತು ಒಂದೇ ಒಂದು ರೊಟ್ಟಿಯ ಹಿಂದೆ ಬಿದ್ದೆ. ಬಿಳಿಜೋಳದ ಒಣ ಹಿಟ್ಟು 48 ಗ್ರಾಂ. ಎಸರು ಹಾಕಿ ನಾದಿದ ಮೇಲೆ ಉಂಡೆ 96. ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಉಬ್ಬಿಸಿ ತೆಗೆದಾಗ 78. ಅದನ್ನು ತಿನ್ನದೆ ಬುಟ್ಟಿಯಲ್ಲಿ ಆರಲು ಬಿಟ್ಟೆ. ಎರಡು ದಿನ ಆದ ಮೇಲೆ ಕಡಕ್ ಆಗಿತ್ತು. ತೂಗಿದರೆ 46.

ನೋಡಿ, ಅದೇ ರೊಟ್ಟಿ. ಅದೇ ಹಿಟ್ಟು. ಬಿಸಿ ಇದ್ದಾಗ 78, ಕಡಕ್ ಆದಾಗ 46. ಹೋದದ್ದು ಬರೀ ನೀರು. ನಮ್ಮ ಕಡೆ "ಕಡಕ್ ರೊಟ್ಟಿ ಹಗುರ, ನಾಕು ತಿಂದ್ರೂ ಏನಾಗಂಗಿಲ್ಲ" ಅಂತಾರಲ್ಲ, ಹಗುರ ಆಗಿದ್ದು ಕೈಗೆ ಮಾತ್ರ. ಅನ್ನದ್ದು ಇದರ ತಿರುಗುಮುರುಗು. 100 ಗ್ರಾಂ ಅಕ್ಕಿ ಬೆಂದರೆ ನಮ್ಮ ಕುಕ್ಕರಿನಲ್ಲಿ 280 ಗ್ರಾಂ ಆಗುತ್ತದೆ. ನೀರು ಸ್ವಲ್ಪ ಜಾಸ್ತಿ ಇಟ್ಟ ದಿನ 300 ದಾಟುತ್ತದೆ. ಹಿಂಗಾಗಿ ತಾಟಿನಲ್ಲಿ ಬಿದ್ದದ್ದನ್ನು ತೂಗಿ ಲೆಕ್ಕ ಹಾಕುವುದು ದಡ್ಡತನ. ಅಳೆಯುವುದಿದ್ದರೆ ಒಣಗಿದ್ದಾಗಲೇ, ಡಬ್ಬಿಯಿಂದ ತೆಗೆಯುವಾಗಲೇ ಅಳೆಯಬೇಕು. ಈ ಒಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಇನ್ನು ಪಾತ್ರೆಯ ವಿಷಯ. ಹಳೇ ಬಾಗಲಕೋಟೆಯಲ್ಲಿದ್ದ ಅತ್ತೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಅವರು ಒಂದು ಟ್ರಂಕಿನ ತುಂಬ ಹಿತ್ತಾಳೆ ಸಾಮಾನು ತಂದಿದ್ದರು. ಅದರಲ್ಲಿ ಅಳತೆಯ ಸೆಟ್ಟು ಇತ್ತು. ಸೇರು, ಅಚ್ಚೇರು, ಪಾವಶೇರು, ಎಲ್ಲಕ್ಕಿಂತ ಸಣ್ಣದು ಚಟಾಕು. ಒಂದರೊಳಗೊಂದು ಕೂರುತ್ತವೆ. 1962ರಲ್ಲಿ ದೇಶಕ್ಕೆಲ್ಲ ಕಿಲೋ, ಗ್ರಾಂ ಕಡ್ಡಾಯ ಆಯಿತು. ಸೇರು, ಚಟಾಕು ಅಂಗಡಿಯಿಂದ ಹೋದವು, ಅತ್ತೆಯ ಬಾಯಿಂದ ಹೋಗಲಿಲ್ಲ. ನಾನು ಕಪ್ಪು, ಚಮಚದ ಸೆಟ್ಟು ತರಬೇಕು ಅಂತ ಮಾತಾಡುವುದನ್ನು ಕೇಳಿ ಅವರು ಆ ಚಟಾಕು ತಂದು ಕಟ್ಟೆಯ ಮೇಲೆ ಕುಕ್ಕಿದರು. "ಇದೇನು ಸತ್ತದೇನು?"

ಚಟಾಕಿಗೆ ಜೋಳದ ಹಿಟ್ಟು ತುಂಬಿ, ಬೆರಳಿಂದ ಬಾಯಿಮಟ್ಟ ಸವರಿ, ತಕ್ಕಡಿ ಮೇಲೆ ಸುರಿದೆ. 48 ಗ್ರಾಂ. ನನಗೆ ನಗು ತಡೆಯೋಕಾಗಲಿಲ್ಲ. ಅತ್ತೆಯ ಚಟಾಕು ಅಂದರೆ ನನ್ನ ಒಂದು ರೊಟ್ಟಿ! ಅದರಲ್ಲೇ ಅಕ್ಕಿ ಅಳೆದರೆ 62 ಗ್ರಾಂ, ಒಬ್ಬರಿಗೆ ಒಂದು ಹೊತ್ತಿನ ಅನ್ನ. ಗೋಪುರ ಕಟ್ಟಿ ಅಳೆದರೆ ಮಾತ್ರ ಲೆಕ್ಕ ಹಾಳು. ಹಿಟ್ಟು 60ರ ಮೇಲೆ ಹೋಗುತ್ತದೆ. ನಾಲ್ಕು ಚಟಾಕಿಗೆ ಒಂದು ರೊಟ್ಟಿಯಷ್ಟು ಹಿಟ್ಟು ಸುಮ್ನೆ ಒಳಗೆ ಬಂದುಬಿಡುತ್ತದೆ.

ಅವತ್ತಿಂದ ನಾನು ಊಟ ತೂಗುವುದು ಬಿಟ್ಟು ಪಾತ್ರೆ ತೂಗಲು ಶುರು ಮಾಡಿದೆ. ಸಾರಿನ ಸೌಟಿಗೆ ಎಷ್ಟು ಹಿಡಿಯುತ್ತದೆ, ಪಲ್ಯದ ಬಟ್ಟಲಿಗೆ ಎಷ್ಟು, ಎಣ್ಣೆ ಚಮಚಕ್ಕೆ ಎಷ್ಟು. ಒಂದು ಸಲ ತೂಗಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಆಮೇಲೆ ತಕ್ಕಡಿಯ ಕೆಲಸ ಏನು? ಸೌಟು ಬದಲಾಗದಿದ್ದರೆ ಸಾಕು.

ಈಗ ಹಿಂಡಿಯ, ಅಂದರೆ ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿಯ ಕಥೆ. ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ವ್ಯರ್ಥ.

ನಮ್ಮವರು ಡಾಕ್ಟರ ಮಾತಿನಂತೆ ನಾಲ್ಕು ರೊಟ್ಟಿಯಿಂದ ಎರಡಕ್ಕೆ ಇಳಿದಿದ್ದರು. ಪಾಪ, ಬಹಳ ತ್ಯಾಗ ಮಾಡಿದ ಮುಖ. ಆದರೆ ತೂಕ ಒಂದು ಗುಂಜಿಯೂ ಇಳಿದಿರಲಿಲ್ಲ. ಒಂದು ದಿನ ಅವರು ಊಟಕ್ಕೆ ಕೂತಾಗ ಶೇಂಗಾ ಹಿಂಡಿಯ ಡಬ್ಬಿಯನ್ನು ಮೊದಲು ತೂಗಿ ಮುಂದೆ ಇಟ್ಟೆ. ಎದ್ದು ಹೋದ ಮೇಲೆ ಮತ್ತೆ ತೂಗಿದೆ. 50 ಗ್ರಾಂ ಖಾಲಿ. ಮೂರೇ ಮೂರು ಚಮಚ, ಆದರೆ ಗೋಪುರದ ಚಮಚ. ಹಿಂಡಿಯ ನಡುವೆ ಗುಣಿ ಮಾಡಿ ಹಸಿ ಎಣ್ಣೆ ಎರಡು ಚಮಚ ಬೇರೆ. ಅದಿಲ್ಲದೆ ರೊಟ್ಟಿ ಇಳಿಯಂಗಿಲ್ಲ ಅಲ್ವಾ.

ಲೆಕ್ಕ ಹಾಕಿ. 100 ಗ್ರಾಂ ಶೇಂಗಾದಲ್ಲಿ 500 ಕ್ಯಾಲರಿಗೂ ಜಾಸ್ತಿ ಇರುತ್ತದೆ. 50 ಗ್ರಾಂ ಹಿಂಡಿಗೆ ಹೆಚ್ಚೂಕಮ್ಮಿ 250. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9 ಕ್ಯಾಲರಿ. ಐದು ಮಿಲಿಯ ಎರಡು ಚಮಚಕ್ಕೆ 80. ಒಟ್ಟು 330. ಜೋಳ 100 ಗ್ರಾಂಗೆ 334 ಕ್ಯಾಲರಿ, ಅಂದರೆ ನನ್ನ ಒಂದು ರೊಟ್ಟಿಗೆ 160. ಎರಡು ರೊಟ್ಟಿ ಬಿಟ್ಟ ಮನುಷ್ಯ ಎರಡು ರೊಟ್ಟಿಯನ್ನು ಹಿಂಡಿಯ ರೂಪದಲ್ಲಿ ತಿಂದು ಏಳುತ್ತಿದ್ದರು! ಅವರಿಗೆ ಹೇಳಿದಾಗ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಹಂಗಾರ ರೊಟ್ಟಿ ತಿರಗಿ ನಾಕು ಮಾಡು" ಅಂದರು.

ಹಿಂಡಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಿಡಿಸಲೂ ಆಗುವುದಿಲ್ಲ. ಡಬ್ಬಿಯನ್ನು ಊಟದ ಮುಂದೆ ತರುವುದು ಬಿಟ್ಟೆ, ಅಷ್ಟೇ. ಒಳಗೇ ಒಂದು ಚಮಚ ಬಾಯಿಮಟ್ಟ ತಾಟಿಗೆ ಹಾಕಿ ತರುತ್ತೇನೆ. ಎಣ್ಣೆಯ ಬದಲು ಮೊಸರು. ಮೊದಲ ವಾರ ಮುಖ ಊದಿತ್ತು, ಈಗ ರೂಢಿ ಆಗಿದೆ.

ಅಡುಗೆಯ ಎಣ್ಣೆಯನ್ನು ದಿನಾ ಅಳೆಯುವುದು ನನ್ನ ಕೈಲಿ ಆಗದ ಮಾತು. ಬದನೆಕಾಯಿ ಎಣ್ಣೆಗಾಯಿ ಮಾಡುವಾಗ ಯಾರು ಚಮಚ ಎಣಿಸುತ್ತಾರೆ? ಅದಕ್ಕೆ ತಿಂಗಳ ಲೆಕ್ಕ ಇಟ್ಟೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಅಂತ ಒಂದು ತಟ್ಟೆಯ ಲೆಕ್ಕ ಕೊಟ್ಟಿದೆ. ಎಲ್ಲ ಹಸಿ ತೂಕದಲ್ಲಿ. ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಮತ್ತು ಸೊಪ್ಪು 400, ಹಣ್ಣು 100, ಹಾಲು ಮೊಸರು 300 ಮಿಲಿ, ಶೇಂಗಾ, ಎಳ್ಳಿನಂಥವು 35, ಎಣ್ಣೆ 27. ನಾವು ನಾಲ್ಕು ಮಂದಿ. 27ನ್ನು ನಾಲ್ಕರಿಂದ, ಮೂವತ್ತರಿಂದ ಗುಣಿಸಿದರೆ 3,240 ಗ್ರಾಂ, ಸುಮಾರು ಮೂರೂವರೆ ಲೀಟರ್. ನಮ್ಮ ಮನೆಗೆ ಐದು ಲೀಟರಿನ ಕ್ಯಾನು ಬರುತ್ತಿತ್ತು, ತಿಂಗಳು ತುಂಬುವ ಮೊದಲೇ ಮುಗಿಯುತ್ತಿತ್ತು. ಈಗ ಕ್ಯಾನು ಒಡೆದ ದಿನ ಅದರ ಮೇಲೆ ಪೆನ್ನಿಂದ ತಾರೀಖು ಬರೆಯುತ್ತೇನೆ. ನಲವತ್ತು ದಿನ ಬಂದರೆ ಪಾಸು. ಶ್ರಾವಣದಲ್ಲಿ ಪ್ರತಿ ವರ್ಷ ಫೇಲಾಗುತ್ತೇನೆ.

ಆ ಪಟ್ಟಿಯಲ್ಲಿ ನನಗೆ ನಾಚಿಕೆ ಆಗಿದ್ದು ತರಕಾರಿಯ ಸಾಲು. ಒಬ್ಬರಿಗೆ 400 ಗ್ರಾಂ! ನಾವು ನಾಲ್ಕು ಮಂದಿ ಸೇರಿ ದಿನಕ್ಕೆ ಅರ್ಧ ಕಿಲೋ ದಾಟುತ್ತಿರಲಿಲ್ಲ. ಅಳತೆ ಅಂದ ಕೂಡಲೇ ಎಲ್ಲರೂ ಕಡಿಮೆ ಮಾಡುವುದು ಅಂದುಕೊಳ್ಳುತ್ತಾರೆ. ಇಲ್ಲಿ ಹೆಚ್ಚು ಮಾಡಬೇಕಿತ್ತು. ನಮ್ಮ ಕಡೆಯ ಊಟದಲ್ಲಿ ಅದು ಕಷ್ಟವೂ ಅಲ್ಲ. ಹಸಿ ಮೆಂತ್ಯದ ತಪ್ಪಲು, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ರೊಟ್ಟಿಯ ಜೊತೆ ಹಂಗೇ ತಿನ್ನುವ ಪದ್ಧತಿ ಇದ್ದೇ ಇತ್ತು, ನಾವೇ ಬಿಟ್ಟಿದ್ದೆವು. ಈಗ ಊಟಕ್ಕೆ ಮೊದಲು ಅದರದ್ದೇ ಒಂದು ತಾಟು ನಡುವೆ ಇಡುತ್ತೇನೆ. ಪೂರ್ತಿ 400 ಆಗುತ್ತದೆ ಅಂತ ಸುಳ್ಳು ಹೇಳಲಾರೆ.

ಸಣ್ಣ ತಾಟಿನಲ್ಲಿ ಉಣ್ಣಿ ಅಂತ ಕೆಲವರು ಹೇಳುತ್ತಾರೆ. ಮಾಡಿ ನೋಡಿದೆ. ನಮ್ಮವರು ಮೂರು ಸಲ ಬಡಿಸಿಕೊಂಡರು. ಚಹಾದ ಸಕ್ಕರೆ ಒಂದು ಚಮಚಕ್ಕೆ ಇಳಿಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಮೊದಲ ವಾರದಲ್ಲಿ ಉತ್ಸಾಹ ಜಾಸ್ತಿಯಾಗಿ ಬೆಳಗಿನ ನಾಷ್ಟಾ ಒಮ್ಮೆಲೇ ಅರ್ಧ ಮಾಡಿದೆ. ಅವರ ಗುಳಿಗೆ ಮೊದಲಿನಷ್ಟೇ ಇತ್ತು. ಮೂರನೇ ದಿನ ಹನ್ನೊಂದೂವರೆಗೆ ಅವರಿಗೆ ಕೈ ನಡುಗಿ, ಬೆವರು ಹರಿಯಿತು. ಶುಗರ್ ಕೆಳಗೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದ ಮೇಲೆ ಸರಿ ಹೋದರು. ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು, ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬಾರದು. ನನ್ನನ್ನು ನೋಡಿ ಅಂತೂ ಮಾಡಬೇಡಿ.

ಇನ್ನೊಂದು, ಮಗಳದ್ದು. ಎಂಟನೇ ಕ್ಲಾಸಿನ ಹುಡುಗಿ ಒಂದು ದಿನ ತನ್ನ ಚಪಾತಿಯನ್ನು ತಕ್ಕಡಿಯ ಮೇಲೆ ಇಟ್ಟು "ಇದು ಜಾಸ್ತಿ ಆಯ್ತಾ ಅಮ್ಮಾ?" ಅಂದಳು. ಬೆಳೆಯುವ ಮಗು! ಅವತ್ತೇ ತಕ್ಕಡಿಯನ್ನು ಮೇಲಿನ ಅಟ್ಟಕ್ಕೆ ಹಾಕಿದೆ. ಎರಡೇ ವಾರಕ್ಕೆ ತೂಗುವುದು ನಿಂತಿದ್ದಕ್ಕೆ ಇದೂ ಒಂದು ಕಾರಣ.

ನನ್ನ ವಿಷಯ ಕೇಳಿದರೆ, ನನ್ನ ತೂಕಕ್ಕೆ ರೊಟ್ಟಿಯೂ ಅಲ್ಲ, ಹಿಂಡಿಯೂ ಅಲ್ಲ, ಉಳಿದದ್ದು ಕಾರಣ. ಸಾರು ಉಳಿಯಿತು ಅಂತ ಅನ್ನ, ಅನ್ನ ಉಳಿಯಿತು ಅಂತ ಮೊಸರು. ಚೆಲ್ಲೋಕೆ ಮನಸ್ಸು ಬರದೆ, ಎಲ್ಲರದ್ದೂ ಆದ ಮೇಲೆ ನಿಂತುಕೊಂಡೇ ತಿನ್ನುವುದು. ಓದುವ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ಅನ್ನಕ್ಕೆ ಕಟ್ಟುನಿಟ್ಟಾಗಿ ಚಟಾಕಿನ ಅಳತೆ. ರೊಟ್ಟಿ ಮಾತ್ರ ಉಳಿದರೆ ಉಳಿಯಲಿ, ಬುಟ್ಟಿಯಲ್ಲಿ ಕಡಕ್ ಆಗುತ್ತದೆ, ಹಾಳಾಗುವುದಿಲ್ಲ. "ಕೆಟ್ಟು ಹೋಗುತ್ತದೆ" ಅಂತ ತಿನ್ನುವ ಗರಜು ಇಲ್ಲ.

ನಮ್ಮವರು ಆರು ತಿಂಗಳಲ್ಲಿ 81 ಕಿಲೋದಿಂದ 77ಕ್ಕೆ ಬಂದರು. ಗುಳಿಗೆಯೂ ಬದಲಾಗಿತ್ತು, ಬೆಳಿಗ್ಗೆ ನಡಿಗೆಯೂ ಶುರುವಾಗಿತ್ತು. ಎಲ್ಲ ಚಟಾಕಿನ ಪುಣ್ಯ ಅಂತ ನಾನು ಹೇಳಲಾರೆ. ಎಳ್ಳಮಾವಾಸ್ಯೆಯ ಚರಗದ ದಿನ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಕಡಬು, ಭಜ್ಜಿ ಹೊಡೆಯುವಾಗ ನಮ್ಮ ಮನೆಯಲ್ಲಿ ಯಾರೂ ಏನೂ ಅಳೆಯುವುದಿಲ್ಲ.

ಸಂಜೆಯ ಹಿಟ್ಟು ತೆಗೆಯುವುದು ಈಗ ಅತ್ತೆಯ ಕೆಲಸ. ನಮ್ಮ ಕಡೆ ಕಾಳು ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅವರು ಹಿಟ್ಟಿಗೂ ಹಾಗೇ. ಪರಾತ ಮುಂದೆ ಎಳೆದುಕೊಂಡು, ಬೆರಳಿಂದ ಬಾಯಿಮಟ್ಟ ಸವರಿ ಸವರಿ ಹಾಕುತ್ತಾರೆ. ಲಾಭ, ಎರಡು, ಮೂರು, ನಾಕು. ಎಂಟಕ್ಕೆ ನಿಲ್ಲಬೇಕು. ಎಂಟು ಆದ ಮೇಲೆ ಡಬ್ಬಿಗೆ ಕೈ ಹಾಕಿ ಒಂದು ಬೊಗಸೆ ಹಿಟ್ಟು ಮತ್ತೆ ಪರಾತಕ್ಕೆ ಸುರಿಯುತ್ತಾರೆ. ನಾನು ನೋಡಿದರೆ, "ಯಾರರ ಬಂದ್ರ?" ಅನ್ನುತ್ತಾರೆ.