ನರ್ಸಿಂಗ್ ಕಾಲೇಜು ಹುಡುಕುತ್ತಾ
ಅಕ್ಕನ ಮಗಳು ಬಿಎಸ್ಸಿ ನರ್ಸಿಂಗ್ ಓದ್ತೀನಿ ಅಂದಿದ್ದಾಳೆ. ಯಾರ ಒತ್ತಾಯವೂ ಇಲ್ಲ, ತಾನಾಗಿಯೇ ಆರಿಸಿಕೊಂಡಿದ್ದು. ನನಗಂತೂ ತುಂಬಾ ಖುಷಿ.

ಈಗ ಮನೆಯಲ್ಲಿ ಕಲಬುರಗಿಯ ಕಾಲೇಜುಗಳದ್ದೇ ಮಾತು. ಫೀ ಎಷ್ಟು, ಹಾಸ್ಟೆಲ್ ಹೇಗೆ, ಬಸ್ ಸಿಗುತ್ತಾ. ಕೇಳಬೇಕಾದ್ದೇ. ಆದರೆ ನಾನು ಮೊದಲು ಕೇಳಿದ್ದು, ಮಕ್ಕಳನ್ನು ತರಬೇತಿಗೆ ಯಾವ ಆಸ್ಪತ್ರೆಗೆ ಕಳಿಸ್ತಾರೆ ಅಂತ. 4 ವರ್ಷ, 8 ಸೆಮಿಸ್ಟರ್ ಓದು ಇದು. ಸೂಜಿ ಚುಚ್ಚೋದು, ಸಲೈನ್ ಹಾಕೋದು, ಹೆರಿಗೆ ವಾರ್ಡಿನಲ್ಲಿ ರಾತ್ರಿಯೆಲ್ಲ ನಿಲ್ಲೋದು ಪುಸ್ತಕದಿಂದ ಬರಲ್ಲ. ರೋಗಿಗಳೇ ಇಲ್ಲದ ಕಡೆ ಏನು ಕಲಿಯುತ್ತಾರೆ ಹೇಳಿ?

ಕಲಬುರಗಿಯ ನಮ್ಮ ಸರ್ಕಾರಿ ಜಿಮ್ಸ್ ಆಸ್ಪತ್ರೆಯನ್ನೇ ನೋಡಿ. ಆಳಂದ, ಅಫಜಲಪುರ, ಸೇಡಂ ಕಡೆಯಿಂದೆಲ್ಲ ಜನ ಬರುತ್ತಾರೆ. ಒಬ್ಬರದು ಕನ್ನಡ, ಒಬ್ಬರದು ಉರ್ದು, ಮರಾಠಿ, ತೆಲುಗು. ಎಲ್ಲಿ ನೋವು ಅಂತ ಅವರವರ ಮಾತಿನಲ್ಲೇ ಕೇಳುವ ನರ್ಸ್ ಸಿಕ್ಕರೆ ಅರ್ಧ ಭಯ ಹೋಗುತ್ತೆ, ಅಲ್ವಾ? ನಮ್ಮ ಭಾಗದ ಮಕ್ಕಳಿಗೆ ಈ ಭಾಷೆಗಳು ಓಣಿಯಲ್ಲೇ ಬಂದಿರುತ್ತವೆ. ದೊಡ್ಡ ಆಸ್ತಿ ಇದು.

ಇನ್ನು ಕಾಗದಪತ್ರ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಎರಡನ್ನೂ ನೋಡಿಯೇ ಹಣ ಕಟ್ಟಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗೋಕೆ ಬೇಕಾದ 371ಜೆ ಪತ್ರ ಈಗಲೇ ಮಾಡಿಸಿಡಿ. ಸೀಟಿಗೂ ಬೇಕು, ಮುಂದೆ ಸರ್ಕಾರಿ ಕೆಲಸಕ್ಕೂ ಬೇಕು. ಮುಂದಿನ ವಾರ ಬೀದರ್ ಕಡೆಯ ಕಾಲೇಜುಗಳನ್ನೂ ನೋಡಿ ಬರ್ತೀವಿ. ಅಲ್ಲಿ ಓದಿದವರಿದ್ದರೆ ದಯವಿಟ್ಟು ಹೇಳಿ.