ಕೋಥರೂಡಿಗೆ ಬಾರದ ಕೋವಿ

ಅಪ್ಪಯ್ಯನ ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ತಮ್ಮನು ಹಳೆಯ ಪಂಚಾಂಗದ ನಡುವಿನಿಂದ ಪರವಾನಗಿ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟು, ‘ಅಣ್ಣಾ, ಕೋವಿ ಎಂತ ಮಾಡದು?’ ಎಂದು ಕೇಳಿದ. ಅವನು ಹುಬ್ಬಳ್ಳಿಯಲ್ಲಿದ್ದಾನೆ, ನಾನು ಇಪ್ಪತ್ತೆರಡು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಸಿದ್ದಾಪುರದ ತೋಟವನ್ನು ಗುತ್ತಿಗೆಗೆ ಕೊಡುವುದೆಂದು ಅಷ್ಟರಲ್ಲಾಗಲೇ ನಿಶ್ಚಯವಾಗಿತ್ತು.

ಅದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ ಎಂದರೆ ಮದ್ದಿನ ಪುಡಿ ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜವೆಂಬ ಉದ್ದ ಸಲಾಕೆಯಿಂದ ಜಡಿದು, ಕೊನೆಯಲ್ಲಿ ಕಿಡಿ ಹೊತ್ತಿಸುವ ಕೇಪು ಕೂರಿಸುವಷ್ಟರಲ್ಲಿ ತೋಟಕ್ಕೆ ಬಂದ ಮಂಗಗಳು ಪಕ್ಕದ ಊರನ್ನು ಸೇರಿರುತ್ತಿದ್ದವು. ಅಪ್ಪಯ್ಯ ಅದರಿಂದ ಯಾವ ಪ್ರಾಣಿಯನ್ನೂ ಕೊಂದದ್ದನ್ನು ನಾನು ಕಂಡಿಲ್ಲ; ಬೆಳೆ ಕಾಯುವ ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಹೊಡೆಯಲು 1972ರ ವನ್ಯಜೀವಿ ಕಾಯ್ದೆ ಬಿಡುವುದೂ ಇಲ್ಲ. ಅವರಿಗೆ ಬೇಕಾಗಿದ್ದುದು ಸದ್ದು. ಆಯುಧಪೂಜೆಯ ದಿನ ಕತ್ತಿ, ಗುದ್ದಲಿಗಳ ಸಾಲಿನಲ್ಲಿ ಕೋವಿಗೂ ಒಂದು ಶೇವಂತಿಗೆ ಸಿಗುತ್ತಿತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಚೀಟಿ ಪಡೆದು, ಫಲಿತಾಂಶ ಬಂದ ಮೇಲೆ ಮರಳಿ ತರುವುದು ಅವರ ಪಾಲಿಗೆ ಮತದಾನದಷ್ಟೇ ಕ್ರಮಬದ್ಧವಾದ ಕೆಲಸವಾಗಿತ್ತು.

ಪರವಾನಗಿದಾರನು ತೀರಿಕೊಂಡರೆ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ತಾನಾಗಿ ಮಕ್ಕಳಿಗೆ ಬರುವುದಿಲ್ಲ; ಅದನ್ನು ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಿ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರನು ತನ್ನ ಹೆಸರಿಗೆ ಹೊಸ ಪರವಾನಗಿ ಕೇಳಬೇಕು. ಊರಿನಲ್ಲಿ ಜಿಲ್ಲಾಧಿಕಾರಿಗೆ ಸಲ್ಲಿಸುವ ಅರ್ಜಿಯನ್ನು ಪುಣೆಯಲ್ಲಿ ಪೊಲೀಸ್ ಆಯುಕ್ತರ ಕಚೇರಿಗೆ ಸಲ್ಲಿಸಬೇಕಾಗುತ್ತದೆ. ಪುಣೆಗೆ ಮರಳಿದ ಮೇಲೆ ನಾನು ಅರ್ಜಿಯ ನಮೂನೆಯನ್ನು ತೆಗೆದು ಕುಳಿತೆ. ಹೆಸರು, ವಿಳಾಸಗಳನ್ನು ತುಂಬಲು ಕಷ್ಟವಾಗಲಿಲ್ಲ. ಆಯುಧ ಯಾಕೆ ಬೇಕು ಎಂಬಲ್ಲಿ ಪೆನ್ನು ನಿಂತಿತು. ಬೆಳೆ ರಕ್ಷಣೆ ಎಂದು ಬರೆಯೋಣವೆಂದರೆ ಪುಣೆಯ ಕೋಥರೂಡು ಬಡಾವಣೆಯ ಮೂರನೆಯ ಮಹಡಿಯಲ್ಲಿ ನನ್ನ ಬೆಳೆ ಎಂದರೆ ಎರಡು ಕುಂಡ ತುಳಸಿ ಮತ್ತು ಒಂದು ಕರಿಬೇವಿನ ಗಿಡ. ಪ್ರಾಣಭಯ ಎಂದು ಬರೆದರೆ ಅದು ಸುಳ್ಳು.

ಭಾರತದ ಕಾನೂನಿನ ತಿರುಳು ಇರುವುದು ಈ ಪ್ರಶ್ನೆಯಲ್ಲಿಯೇ ಎಂದು ನನಗೆ ಅನಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕನ್ನು ಹುಟ್ಟಿನಿಂದ ಬಂದ ಹಕ್ಕೆಂದು ನೋಡದೆ, ಕಾರಣ ತೋರಿಸಿ ಪಡೆಯಬೇಕಾದ ಅನುಮತಿಯೆಂದು ನೋಡುತ್ತದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಮದುವೆ ಮೆರವಣಿಗೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವವರಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿತು.

ಇಲ್ಲಿಯ ನೆರೆಹೊರೆಯವರೊಂದಿಗೆ ಮಾತು ತೆಗೆದಾಗ ಅವರಿಗೆ ನೆನಪಾದದ್ದು ತೋಟವಲ್ಲ, ಯರವಡಾ ಜೈಲು. ಶಸ್ತ್ರಾಸ್ತ್ರ ಕಾಯ್ದೆಯಡಿ ಶಿಕ್ಷೆಗೊಳಗಾದ ಸಂಜಯ್ ದತ್ 2016ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು ಅಲ್ಲಿಂದಲೇ. ಇನ್ನೊಬ್ಬರು, ‘ಲೈಸನ್ಸ್ ಇದ್ದರೆ ಬಿಡಬೇಡಿ, ಊರಲ್ಲಿ ಮರ್ಯಾದೆ ಬೇರೆ’ ಎಂದರು. ಸೊಂಟದಲ್ಲಿ ಪಿಸ್ತೂಲು ಕಾಣುವಂತೆ ಅಂಗಿ ತೊಡುವ ಆ ಮರ್ಯಾದೆಯನ್ನು ನಾನು ಒಪ್ಪಲಾರೆ. ಮಂಗನಿಗೂ ಅಂಜಿಕೆ ಹುಟ್ಟಿಸದ ನಮ್ಮ ಕೋವಿಗೆ ಅದು ಒಪ್ಪುವುದೂ ಇಲ್ಲ.

ಆದರೆ ನಮ್ಮ ಕಟ್ಟಡದಲ್ಲಿರುವ ಕೊಡಗಿನ ನಿವೃತ್ತ ಸೈನಿಕರ ಮಾತು ಬೇರೆ ಧಾಟಿಯದು. ಅವರ ಮನೆತನದ ತೋಕ್, ಎಂದರೆ ಕೋವಿ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ಸಾವಿನ ಸುದ್ದಿಯನ್ನು ಊರಿಗೆ ಸಾರುತ್ತದೆ. ಕೊಡವರಿಗೂ, ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯ ಬೇರು ಬ್ರಿಟಿಷರ 1861ರ ಆದೇಶದಲ್ಲಿದೆ. ಅದಕ್ಕೆ ನಾಲ್ಕೇ ವರ್ಷ ಹಿಂದೆ, 1857ರ ನಿಶ್ಶಸ್ತ್ರೀಕರಣದ ಹುಕುಮನ್ನು ಒಪ್ಪದೆ ಆಯುಧ ಹಿಡಿದು ನಿಂತ ಮುಧೋಳ ಸೀಮೆಯ ಹಲಗಲಿಯ ಬೇಡರನ್ನು ಅದೇ ಬ್ರಿಟಿಷರು ಊರಿಗೆ ಬೆಂಕಿಯಿಟ್ಟು, ಹಿಡಿದವರನ್ನು ಗಲ್ಲಿಗೇರಿಸಿ ಮಣಿಸಿದ್ದರು. ಲಾವಣಿಯಲ್ಲಿ ಅವರ ಕಥೆ ಉಳಿದಿದೆ. ನಂಬಿಕಸ್ಥರೆನಿಸಿದವರ ಕೈಯಲ್ಲಿ ಕೋವಿ ಉಳಿಯಿತು, ಉಳಿದವರಿಂದ ಕಸಿಯಲಾಯಿತು ಎಂಬ ಆ ಲೆಕ್ಕಾಚಾರಕ್ಕಿಂತ, ಎಲ್ಲರನ್ನೂ ಕಾರಣ ಕೇಳುವ ಇಂದಿನ ಅರ್ಜಿಯೇ ನನಗೆ ಮೇಲೆನಿಸುತ್ತದೆ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದಿದ್ದರೂ.

ಅರ್ಜಿಯನ್ನು ಹಾಗೆಯೇ ಬಿಟ್ಟು, ಮುಂದಿನ ತಿಂಗಳು ಊರಿಗೆ ಹೋಗಿ, ತಮ್ಮನೂ ನಾನೂ ಕೂಡಿ ಕೋವಿಯನ್ನು ಖಾಯಮ್ಮಾಗಿ ಒಪ್ಪಿಸುವ ಪತ್ರ ಬರೆದೆವು. ಠಾಣೆಯ ಪೇದೆ ನಳಿಗೆಯೊಳಗೆ ಇಣುಕಿ ನೋಡಿ, ಕೇಪಿನ ಡಬ್ಬಿ ಎಣಿಸಿ, ‘ಗಜ ಎಲ್ಲಿ?’ ಎಂದರು. ಆಯಿ ಅದನ್ನು ಎಷ್ಟೋ ವರ್ಷಗಳಿಂದ ಅಟ್ಟದ ಬಾಗಿಲಿಗೆ ಅಗುಳಿಯಾಗಿ ಬಳಸುತ್ತಿದ್ದಳು. ತಮ್ಮ ಬೈಕಿನಲ್ಲಿ ಹೋಗಿ ಅದನ್ನು ತರುವವರೆಗೆ ರಸೀದಿ ಅರ್ಧಕ್ಕೇ ನಿಂತಿತ್ತು.