7ನೇ ಪ್ರತಿವಾದಿ ಘಟ್ಟದ ಮೇಲಿದ್ದಾರೆ

ನನ್ನ ಮುತ್ತಜ್ಜ, ಅಂದರೆ ಅಜ್ಜನ ಅಪ್ಪ, ಕೊಡಗಿನ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವರು, ಆಗಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದು ಅಷ್ಟೇ. ಯಾವ ತೋಟ, ಎಷ್ಟು ಕಾಲ, ಊರಿಗೆ ದುಡ್ಡು ಕಳಿಸುತ್ತಿದ್ದರೇ ಎಂದು ಕೇಳಿದರೆ ಅಪ್ಪನದು ಒಂದೇ ಉತ್ತರ: "ಅವರು ಘಟ್ಟದಲ್ಲೇ ಇದ್ದದ್ದು ಮಾರಾಯ."

ನಮ್ಮ ಮನೆಯ ಕಾಗದಪತ್ರಗಳಲ್ಲಿ ಅವರ ಹೆಸರಿಲ್ಲ. ಇರಲು ಕಾರಣವೂ ಇಲ್ಲ. ಕಾಸರಗೋಡಿನ ಮುಳ್ಳೇರಿಯದ ಹತ್ತಿರ ನಾವಿರುವ ಜಾಗ ಮುತ್ತಜ್ಜಿಯ ತರವಾಡಿನದು, ಅಂದರೆ ಅವರ ತಾಯಿಯ ಕಡೆಯ ಕೂಡುಕುಟುಂಬದ್ದು, ಅಜ್ಜನ ಪಾಲಿಗೆ ಬಂದದ್ದು. ನಮ್ಮದು ಅಳಿಯಸಂತಾನದ ಕಟ್ಟು. ಗಂಡಸು ತಾನು ಹುಟ್ಟಿದ ಮನೆಯವನು, ಅವನ ಮಕ್ಕಳು ಹೆಂಡತಿಯ ಮನೆಯವರು. ಹಾಗಾಗಿ ಮುತ್ತಜ್ಜನನ್ನು ಹುಡುಕುವುದಾದರೆ ಅವರ ತಂಗಿಯ ಸಂತಾನದವರ ಮನೆಗೇ ಹೋಗಬೇಕು. ಆ ತಂಗಿಯ ಮೊಮ್ಮಗಳು ಆದೂರಿನ ಕಡೆ ಇದ್ದಾರೆ, ನನಗೆ ಮಾಮಿ ಆಗಬೇಕು. "ಕೋರ್ಟಿನ ಕಾಗದ ಇರುವುದು ಮಗಾ, ಫೋಟೊ ಗೀಟೊ ಕೇಳಬೇಡ" ಎಂದು ಹೇಳಿಯೇ ಟ್ರಂಕು ತೆಗೆದರು.

ನನಗೆ ಬೇಕಾದದ್ದೂ ಅದೇ. ಅಳಿಯಸಂತಾನದ ಕುಟುಂಬದಲ್ಲಿ ಮೊದಲೆಲ್ಲ ಎಲ್ಲರೂ ಒಪ್ಪದೆ ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಒಂದೊಂದು ಕವರಿಗೂ, ಅಂದರೆ ಒಬ್ಬ ಹೆಂಗಸಿನ ಸಂತತಿಯ ಒಂದೊಂದು ಕವಲಿಗೂ, ಪಾಲು ಕೇಳುವ ಹಕ್ಕು ಸಿಕ್ಕಿತು. ಪಾಲಿನ ದಾವೆ ಹೂಡಿದರೆ ವಾದಪತ್ರದ ಜೊತೆ ಸಂತತಿಯ ಪಟ್ಟಿ ಕೊಡಲೇಬೇಕು: ಮೂಲ ಹೆಂಗಸು ಯಾರು, ಅವಳ ಹೆಣ್ಣುಮಕ್ಕಳು ಯಾರು, ಅವರ ಮಕ್ಕಳು ಯಾರು ಎಂದು. ಮನೆಯವರು ಒಬ್ಬರ ಮುಖ ಒಬ್ಬರು ನೋಡದಂತಾದ ಆ ಜಗಳದಿಂದ ನಮಗೆ ಸಿಕ್ಕ ಲಾಭ ಎಂದರೆ ಇದೊಂದೇ ಇರಬೇಕು.

ಮಾಮಿಯ ಮನೆಯ ಪಟ್ಟಿಯಲ್ಲಿ ಹೆಂಗಸರ ಹೆಸರಿನ ಕೆಳಗೆ ಗೆರೆಗಳು ಕವಲೊಡೆದು ಇಳಿಯುತ್ತವೆ. ಗಂಡಸರ ಹೆಸರಿನ ಕೆಳಗೆ ಏನೂ ಇಲ್ಲ. ಮುತ್ತಜ್ಜ 7ನೇ ಪ್ರತಿವಾದಿ. ಅವರ ಕೆಳಗೆ ನನ್ನ ಅಜ್ಜ ಇಲ್ಲ, ಅಪ್ಪ ಇಲ್ಲ. ಕಾನೂನಿನ ಲೆಕ್ಕದಲ್ಲಿ ಸರಿಯೇ, ಆದರೂ ನೋಡುವಾಗ ಸ್ವಲ್ಪ ಕಸಿವಿಸಿಯಾಯಿತು.

ಪಟ್ಟಿಗಿಂತ ಹೆಚ್ಚು ಹೇಳಿದ್ದು ಸಮನ್ಸಿನ ಷರಾ, ಅಂದರೆ ಅದನ್ನು ಮುಟ್ಟಿಸಲು ಹೋದವನು ಬರೆದ ಟಿಪ್ಪಣಿ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಎಂಬ ತಕರಾರು ಎದ್ದಿತ್ತಂತೆ, ಅದಕ್ಕಾಗಿ ಯಾರೋ ಅದರ ನಕಲನ್ನೂ ತೆಗೆಸಿ ಇಟ್ಟಿದ್ದರು. ಕಾಸರಗೋಡು ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಕೊಡಗು ಬೇರೆಯೇ ರಾಜ್ಯ. ಇಲ್ಲಿಯ ಸಮನ್ಸನ್ನು ಅಲ್ಲಿಯ ಕೋರ್ಟಿಗೆ ಕಳಿಸಿ, ಅಲ್ಲಿಯ ಅಮೀನನೇ (ಸಮನ್ಸ್ ಮುಟ್ಟಿಸುವ ಕೋರ್ಟಿನ ನೌಕರ) ಜಾರಿ ಮಾಡಬೇಕು. ಮೊದಲ ವಿಳಾಸ ಸುಂಟಿಕೊಪ್ಪದ ಹತ್ತಿರದ ತೋಟ. ಅಮೀನ ಅಲ್ಲಿಗೆ ಹೋಗಿದ್ದಾನೆ, ಮೇಸ್ತ್ರಿಯೊಬ್ಬನನ್ನು ವಿಚಾರಿಸಿದ್ದಾನೆ. ಸದ್ರಿ ಪ್ರತಿವಾದಿಯು ಇಲ್ಲಿ ರೈಟರ್ ಕೆಲಸ ಬಿಟ್ಟು ಮೂಡಿಗೆರೆಯ ಕಡೆ ಹೋಗಿರುವುದಾಗಿ ತಿಳಿದುಬಂತು ಎಂದು ಬರೆದು ಸಮನ್ಸನ್ನು ವಾಪಸು ಮಾಡಿದ್ದಾನೆ. ಮೂಡಿಗೆರೆ ಎಂದರೆ ಮೈಸೂರು, ಮೂರನೆಯ ಸರಕಾರ. ಎರಡನೆಯ ಸಲದ ಷರಾದಲ್ಲಿ ಸಹಿ ಸಿಕ್ಕಿದೆ.

ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಹತ್ತಿದ ಮುತ್ತಜ್ಜನಿಗೆ ಅದೊಂದು ಗಡಿ ಎನಿಸಿತ್ತೋ ಇಲ್ಲವೋ. ನಮ್ಮ ಕಡೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆದುಕೊಂಡು ಹೋಗುತ್ತಿದ್ದ ದಾರಿಯೇ ಅದು. ರೈಟರ್‌ಗೆ ಚೆಕ್‌ರೋಲು ಬರೆಯುವ ಕೆಲಸ: ಯಾರು ಬಂದರು, ಯಾರಿಗೆ ಅರ್ಧ ಹಾಜರಿ, ಯಾರ ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಬೇಕು. ತನ್ನ ಊರಿನ ಆಳುಗಳ ಸಾಲವನ್ನು ತಾನೇ ಬರೆಯುವುದು ಅಷ್ಟೇನೂ ಸುಖದ ಕೆಲಸವಲ್ಲ ಎಂದು ನನ್ನ ಅಂದಾಜು. 1956ರ ನವೆಂಬರ್ 1ರಂದು ಮಂಗಳೂರು, ಕೊಡಗು, ಮೂಡಿಗೆರೆ ಮೂರೂ ಒಂದೇ ರಾಜ್ಯಕ್ಕೆ ಸೇರಿದವು. ಅವರು ದುಡಿದ ಜಾಗಗಳೆಲ್ಲ ಒಂದಾದವು, ಅವರು ಹುಟ್ಟಿದ ಮನೆ ಮಾತ್ರ ಕೇರಳಕ್ಕೆ ಹೋಯಿತು. ಆ ಹೊತ್ತಿಗೆ ಅವರು ಕೆಲಸ ಬಿಟ್ಟು ಊರಲ್ಲೇ ಇದ್ದರು ಎನ್ನುತ್ತಾರೆ ಮಾಮಿ.

ತೋಟಗಳ ವಿಚಾರಕ್ಕೆ ಮದ್ರಾಸಿನ ಅಸೈಲಂ ಪ್ರೆಸ್ಸಿನವರು ತರುತ್ತಿದ್ದ ಆಲ್ಮನಾಕ್ ಎಂಬ ವಾರ್ಷಿಕ ಮಾಹಿತಿ ಪುಸ್ತಕ ಇದೆ. ಹಳೆಯ ಕೆಲವು ವರ್ಷದವು ಇಂಟರ್ನೆಟ್ಟಿನಲ್ಲೂ ಸಿಗುತ್ತವೆ. ಮಾಲೀಕ ಯಾರು, ಮ್ಯಾನೇಜರ್ ದೊರೆ ಯಾರು ಎಂದು ಅದರಲ್ಲಿ ನೋಡಬಹುದು. ರೈಟರ್ ಯಾರು ಎಂದು ಬರೆಯುವ ಅಗತ್ಯ ಅವರಿಗೆ ಇರಲಿಲ್ಲ.

ಇಲ್ಲಿಯ ಒಂದು ಕಚೇರಿಯಲ್ಲಿ ಹಳೆಯ ಕನ್ನಡ ದಸ್ತಾವೇಜು ಕೇಳಿದಾಗ ಅಲ್ಲಿದ್ದವರಿಗೆ ಓದಲು ಬರಲಿಲ್ಲ. ಪಾಪ, ಅವರ ತಪ್ಪೇನೂ ಅಲ್ಲ, ಕೂಡಕ್ಷರ ಸುತ್ತಿ ಬರೆದ ಆ ಕೈಬರಹ ನನಗೇ ಕಷ್ಟ. ನಾನೇ ಗಟ್ಟಿಯಾಗಿ ಓದಿ ಹೇಳಿದೆ, ಅವರು ಮಲಯಾಳದಲ್ಲಿ ಗುರುತು ಹಾಕಿಕೊಂಡರು. ಅದರಲ್ಲಿ ಮುತ್ತಜ್ಜ ಒಂದು ಗೇಣಿ ಚೀಟಿಗೆ ಸಾಕ್ಷಿ, ಹಾಲಿ ವಾಸ ಕೊಡಗು.

ಉಳಿದಿರುವುದು ಮೂಡಿಗೆರೆ. ಷರಾದ ನಕಲಿನಲ್ಲಿ ಆ ತೋಟದ ಹೆಸರಿನ ಅರ್ಧಕ್ಕೆ ಗೆದ್ದಲು ಹಿಡಿದಿದೆ. ಮಾಮಿಯ ಮಗ ಜೊತೆಗೆ ಬರುತ್ತೇನೆ ಎಂದಿದ್ದಾನೆ. ಕಾಫಿ ಕೊಯಿಲಿನ ಸಮಯದಲ್ಲಿ ಬೇಡ ಎಂದು ಅವನೇ ಹೇಳಿದ, ಆಗ ಯಾವ ತೋಟದ ರೈಟರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲವಂತೆ.